ಹುಕುಂ, ಹಕೀಮ, ಹಿಕ್ಮತ್ತು: ಇವೆಲ್ಲ ಒಂದೇ ಧಾತುವಿನವೇ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಮ್ಮ ಭಾಗದ ಆಡುಮಾತಿನಲ್ಲಿ ಬೆರೆತುಹೋಗಿರುವ ಅರಬ್ಬೀ ಮೂಲದ ಮಾತುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಈಚೆಗೆ ಮೊಬೈಲಿಗೆ ಬಂದ ಸಂದೇಶವೊಂದು ಹುಕುಂ, ಹಕೀಮ, ಹಿಕ್ಮತ್ತು, ಹಕ್ಕು, ಹಕೀಕತ್ತು ಎಂಬ ಐದೂ ಮಾತುಗಳು ಒಂದೇ ಅರಬ್ಬೀ ಧಾತುವಿನಿಂದ ಹುಟ್ಟಿವೆ ಎಂದೂ ಆ ಧಾತುವಿನ ನಿಜವಾದ ಅರ್ಥ ‘ಕುದುರೆಗೆ ಕಡಿವಾಣ ಹಾಕು’ ಎಂದೂ ಹೇಳುತ್ತದೆ. ಆಜ್ಞೆ, ಔಷಧ ಕೊಡುವ ವೈದ್ಯ, ನಾವು ತಂತ್ರಗಾರಿಕೆ ಎಂಬ ಅರ್ಥದಲ್ಲಿ ಆಡುವ ಹಿಕ್ಮತ್ತು, ಇವಕ್ಕೂ ಕುದುರೆಯ ಬಾಯಿಗೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಕೇಳಲು ಸೊಗಸಾಗಿದೆ, ಆದರೆ ಅಚ್ಚಾದ ಮೇಲೆ ತಪ್ಪೆಂದು ಗೊತ್ತಾದರೆ ಎಂಬ ಅಳುಕಿದೆ. ಇದನ್ನು ಲೇಖನದಲ್ಲಿ ಸೇರಿಸಬಹುದೇ? ಇಂಥ ವಿಷಯಕ್ಕೆ ಯಾವ ನಿಘಂಟನ್ನು ನಂಬಬೇಕು? ‘ಬಗರ್ ಹುಕುಂ’ ಎಂದು ಬರೆಯುವುದು ಅಶುದ್ಧವೆಂದು ಒಬ್ಬರು ಹೇಳಿದರು, ಅದು ಸರಿಯೇ?

ಉತ್ತರ: ಮಾನ್ಯರೇ, ನಿಮ್ಮ ಅಳುಕಿಗೆ ಕಾರಣವಿದೆ. ಆ ಸಂದೇಶದಲ್ಲಿ ಮೂರು ಮಾತುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಐದು ಪದಗಳಿಗೂ ಧಾತು ಒಂದೇ ಎಂಬುದು ಮೊದಲನೆಯದು. ಇದು ತಪ್ಪು, ಏಕೆಂದರೆ ಐದರಲ್ಲಿ ಎರಡು ಬೇರೆ ಮನೆಯವು. ಆ ಧಾತುವಿಗೆ ಕಡಿವಾಣದ ಸಂಬಂಧವಿದೆ ಎಂಬುದು ಎರಡನೆಯದು. ಅದರ ಹಿಂದೆ ಸಾವಿರ ವರ್ಷದ ವಿದ್ವತ್ತಿನ ಬೆಂಬಲವಿದೆ, ಆದರೂ ಅದು ಒಂದು ಅಭಿಪ್ರಾಯವೇ. ಅದೇ ‘ನಿಜವಾದ ಅರ್ಥ’ ಎಂಬುದು ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಓದುಗರನ್ನು ಹೆಚ್ಚು ದಾರಿ ತಪ್ಪಿಸುವುದು ಈ ಕೊನೆಯ ಮಾತು. ಬಹಳ ವರ್ಷ ಅರಬ್ಬೀ ಮತ್ತು ಪಾರಸಿ ಕಲಿಸಿದ ಅನುಭವದಿಂದ ಹೇಳುವುದಾದರೆ, ಧಾತುವಿನ ವಿಷಯದಲ್ಲಿ ಆಸಕ್ತರಾದ ವಿದ್ಯಾರ್ಥಿಗಳೆಲ್ಲರೂ ಮೊದಲ ವರ್ಷದಲ್ಲಿ ಈ ಮೂರನೆಯ ತಪ್ಪನ್ನು ಮಾಡುತ್ತಾರೆ, ಏಕೆಂದರೆ ಅದು ತುಂಬ ಆಕರ್ಷಕವಾದ ತಪ್ಪು.

ಸುಲಭವಾದುದನ್ನು ಮೊದಲು ಮುಗಿಸೋಣ. ಹಕ್ಕು ಮತ್ತು ಹಕೀಕತ್ತು ಈ ಕುಟುಂಬಕ್ಕೆ ಸೇರಿದವಲ್ಲ. ಅರಬ್ಬಿಯಲ್ಲಿ ನಮ್ಮ ಕಿವಿಗೆ ‘ಕ’ ಎಂದೇ ಕೇಳುವ ಎರಡು ಬೇರೆ ಬೇರೆ ವ್ಯಂಜನಗಳಿವೆ: ಒಂದು ನಮ್ಮ ಕಕಾರದಂಥದೇ, ಇನ್ನೊಂದು ಗಂಟಲಿನ ಇನ್ನೂ ಒಳಗೆ ಕಿರುನಾಲಗೆಯ ಬಳಿ ಹುಟ್ಟುವಂಥದು. ಕಿತಾಬಿನ ಕಕಾರ ಮೊದಲನೆಯದು. ಕಲಮು, ಕಾನೂನು ಇವುಗಳಲ್ಲಿರುವುದು ಎರಡನೆಯದು. ಹಾಗೆಯೇ ಹಕಾರವೂ ಎರಡು: ‘ಹವಾ’ ಎಂಬಲ್ಲಿರುವುದು ಸಾಮಾನ್ಯ ಹಕಾರ, ‘ಹವಾಲೆ’ಯಲ್ಲಿರುವುದು ಗಂಟಲನ್ನು ಬಿಗಿದು ಉಚ್ಚರಿಸುವ ಹಕಾರ. ಕನ್ನಡಕ್ಕೆ ಬರುವಾಗ ಈ ಭೇದಗಳೆಲ್ಲ ಅಳಿಸಿಹೋದವು. ಹಕ್ಕು ಮತ್ತು ಹಕೀಮ ಎರಡೂ ಗಂಟಲ ಹಕಾರದಿಂದಲೇ ಆರಂಭವಾಗುತ್ತವೆ, ಆದರೆ ಹಕ್ಕಿನಲ್ಲಿರುವುದು ಒಳಗಿನ ಕಕಾರ, ಹಕೀಮನಲ್ಲಿರುವುದು ನಮ್ಮ ಕಕಾರ. ಹಕ್ಕಿನ ಧಾತುವಿಗೆ ಸತ್ಯವಾಗಿರು, ಸ್ಥಿರವಾಗಿರು, ಸಲ್ಲತಕ್ಕದ್ದಾಗಿರು ಎಂಬ ಅರ್ಥಗಳಿವೆ. ನಿಜಸಂಗತಿ ಎಂಬ ಅರ್ಥದ ಹಕೀಕತ್ತು ಅಲ್ಲಿಂದಲೇ ಬಂದಿದೆ. ಕನ್ನಡ ಲಿಪಿಯಲ್ಲಿ ಮಾತ್ರ ನೋಡುವವರಿಗೆ ಈ ಎರಡು ಕುಟುಂಬಗಳು ಒಂದೇ ಎನ್ನಿಸುವುದು ಸಹಜ, ಆದರೆ ಅರಬ್ಬೀ ಲಿಪಿಯಲ್ಲಿ ಒಮ್ಮೆ ನೋಡಿದರೆ ಆ ಸಂದೇಹ ಉಳಿಯುವುದಿಲ್ಲ.

ಉಳಿದ ಮೂರು, ಎಂದರೆ ಹುಕುಂ, ಹಕೀಮ ಮತ್ತು ಹಿಕ್ಮತ್ತು, ನಿಶ್ಚಯವಾಗಿ ಒಂದೇ ಧಾತುವಿನವು. ಇದು ಹೇಗೆಂದು ತಿಳಿಯಲು ಅರಬ್ಬೀ ಪದಗಳು ಕಟ್ಟಿಕೊಳ್ಳುವ ರೀತಿಯನ್ನು ಸ್ವಲ್ಪ ನೋಡಬೇಕು. ಕನ್ನಡದಲ್ಲಿ ನಾವು ಬುಡವನ್ನು ಮುಟ್ಟದೆ ಬಾಲವನ್ನು ಬೆಳೆಸುತ್ತೇವೆ: ಮಾಡು, ಮಾಡಿದ, ಮಾಡುವವನು, ಮಾಡಿಸು. ಸಂಸ್ಕೃತದಲ್ಲಿ ಬುಡವೂ ಸ್ವಲ್ಪ ಬದಲಾಗುತ್ತದೆ: ಕೃ ಧಾತುವಿನಿಂದ ಕರ್ಮ, ಕಾರ್ಯ, ಕ್ರಿಯೆ, ಕೃತಿ. ಅರಬ್ಬಿಯಲ್ಲಿ ಈ ಬದಲಾವಣೆಯೇ ವ್ಯವಸ್ಥೆ. ಧಾತುವೆಂದರೆ ಬಹುಮಟ್ಟಿಗೆ ಮೂರು ವ್ಯಂಜನಗಳು, ಇಲ್ಲಿ ಹ, ಕ, ಮ. ಅವುಗಳಿಗೆ ತಮ್ಮಷ್ಟಕ್ಕೆ ಉಚ್ಚಾರವೂ ಇಲ್ಲ. ಸ್ವರಗಳನ್ನೂ ಕೆಲವು ಹೆಚ್ಚುವರಿ ಅಕ್ಷರಗಳನ್ನೂ ಹೊಂದಿದ ಅಚ್ಚುಗಳು ಬೇರೆಯಾಗಿರುತ್ತವೆ, ಮತ್ತು ಮೂರು ವ್ಯಂಜನಗಳನ್ನು ಆ ಅಚ್ಚುಗಳಲ್ಲಿ ಎರೆದಾಗ ಪದವಾಗುತ್ತದೆ. ಆದ್ದರಿಂದ ಒಂದು ಪದದ ಅರ್ಥದಲ್ಲಿ ಒಂದು ಪಾಲು ಧಾತುವಿನದು, ಇನ್ನೊಂದು ಪಾಲು ಅಚ್ಚಿನದು.

ಈ ಅಚ್ಚುಗಳು ನಿಮಗೆ ಹೊಸವಲ್ಲ ಎಂದರೆ ಆಶ್ಚರ್ಯವಾಗಬಹುದು, ಏಕೆಂದರೆ ಕಂದಾಯ ಕಚೇರಿಯ ಕನ್ನಡದಲ್ಲಿ ಅವು ತುಂಬಿಕೊಂಡಿವೆ. ಕೆಲಸ ಮಾಡುವವನನ್ನು ಹೇಳುವ ಅಚ್ಚಿನಲ್ಲಿ ಮೊದಲ ಅಕ್ಷರ ದೀರ್ಘವಾಗುತ್ತದೆ: ಹಾಜರು, ನಾಜರು, ವಾರಸು ಇವೆಲ್ಲ ಆ ಅಚ್ಚಿನವು, ಮತ್ತು ನಮ್ಮ ಧಾತುವನ್ನು ಅದರಲ್ಲಿ ಎರೆದರೆ ‘ಹಾಕಿಮ್’, ಎಂದರೆ ತೀರ್ಪು ಕೊಡುವವನು, ಆಳುವವನು. ನೆಲೆನಿಂತ ಗುಣವನ್ನು ಹೇಳುವ ಇನ್ನೊಂದು ಅಚ್ಚಿನಲ್ಲಿ ಎರಡನೆಯ ಅಕ್ಷರ ದೀರ್ಘ: ವಕೀಲ, ಅಮೀನ, ಗರೀಬ, ಇದರಲ್ಲಿ ಎರೆದರೆ ‘ಹಕೀಮ್’, ವಿವೇಕವು ಸ್ವಭಾವವೇ ಆಗಿರುವವನು. ಹಿಮ್ಮತ್ತು, ಕಿಸ್ಮತ್ತು ಇವುಗಳ ಅಚ್ಚಿನಲ್ಲಿ ‘ಹಿಕ್ಮಾ’, ಅದೇ ಪಾರಸಿಯ ಬಾಯಲ್ಲಿ ‘ಹಿಕ್ಮತ್’, ಕನ್ನಡದಲ್ಲಿ ಹಿಕ್ಮತ್ತು. ತಹಸೀಲು, ತಪಶೀಲು, ತಾಲೀಮು ಇವುಗಳ ಅಚ್ಚಿನಲ್ಲಿ ‘ತಹ್ಕೀಮ್’, ಎಂದರೆ ಒಬ್ಬನನ್ನು ಪಂಚನನ್ನಾಗಿ ನೇಮಿಸುವುದು. ಮದರಸಾ ಎಂಬ ಸ್ಥಳವಾಚಕದ ಅಚ್ಚಿನಲ್ಲಿ ‘ಮಹ್ಕಮಾ’, ನ್ಯಾಯಾಲಯ. ಇನ್ನು ‘ಹುಕ್ಮ್’ ಎಂಬುದರ ಅಚ್ಚು ‘ಜುಲ್ಮ್’ ಎಂಬುದರದೇ. ಪದದ ಕೊನೆಯಲ್ಲಿ ಎರಡು ವ್ಯಂಜನಗಳು ಒತ್ತೊತ್ತಾಗಿ ನಿಲ್ಲುವುದನ್ನು ಕನ್ನಡ ಒಪ್ಪುವುದಿಲ್ಲವಾದ್ದರಿಂದ ನಡುವೆ ಒಂದು ಉಕಾರ ಸೇರಿ ಅದು ಹುಕುಂ ಆಯಿತು, ಇದು ಜುಲುಂ ಆಯಿತು.

ಹುಕುಂ ಮತ್ತು ಜುಲುಂ ಎಂಬ ಈ ಜೋಡಿಯನ್ನು ನೆನಪಿನಲ್ಲಿಡಿ, ಏಕೆಂದರೆ ಕಡಿವಾಣದ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. 1004ರಲ್ಲಿ ತೀರಿಕೊಂಡ ಇಬ್ನ್ ಫಾರಿಸ್ ಎಂಬ ಭಾಷಾ ವಿದ್ವಾಂಸರು ಒಂದು ವಿಶಿಷ್ಟವಾದ ನಿಘಂಟನ್ನು ರಚಿಸಿದರು. ಪ್ರತಿಯೊಂದು ಧಾತುವಿನ ಎಲ್ಲ ಪದಗಳ ಹಿಂದಿರುವ ಮೂಲಭಾವ ಯಾವುದು, ಅದು ಒಂದೇ ಅಥವಾ ಎರಡು ಮೂರು ಇವೆಯೇ ಎಂದು ನಿರ್ಣಯಿಸುವುದು ಅವರ ಉದ್ದೇಶವಾಗಿತ್ತು. ಹ-ಕ-ಮ ಧಾತುವಿನ ಬಗ್ಗೆ ಅವರು ಕೊಡುವ ನಿರ್ಣಯದ ತಾತ್ಪರ್ಯ ಹೀಗಿದೆ: ಇದಕ್ಕೆ ಮೂಲ ಒಂದೇ, ಅದು ತಡೆಯುವುದು, ಅದರಲ್ಲಿ ಮೊದಲನೆಯದು ಹುಕ್ಮ್, ಎಂದರೆ ಜುಲ್ಮನ್ನು ತಡೆಯುವುದು, ಪಶುವಿನ ‘ಹಕಮಾ’ಕ್ಕೆ ಆ ಹೆಸರು ಬಂದದ್ದು ಅದು ಪಶುವನ್ನು ತಡೆಯುವುದರಿಂದ, ಹಿಕ್ಮಾ ಕೂಡ ಹಾಗೆಯೇ, ಏಕೆಂದರೆ ಅದು ಅಜ್ಞಾನವನ್ನು ತಡೆಯುತ್ತದೆ. ಹಕಮಾ ಎಂದರೆ ಕುದುರೆಯ ದವಡೆಯನ್ನು ಸುತ್ತುವರಿದು ಹಿಡಿಯುವ ಕಡಿವಾಣದ ಭಾಗ. ಇದು ನಿಘಂಟುಕಾರರ ಕಲ್ಪನೆಯ ಪದವಲ್ಲ. ಇಸ್ಲಾಂಗಿಂತ ಹಿಂದಿನ ಕವಿಯಾದ ಝುಹೈರನ ಪದ್ಯವೊಂದರಲ್ಲಿ ತೊಗಲಿನಿಂದಲೂ ನಾರಿನಿಂದಲೂ ಮಾಡಿದ ಹಕಮಾಗಳನ್ನು ತೊಟ್ಟ ಕುದುರೆಗಳು ಬರುತ್ತವೆ. ಮನುಷ್ಯರನ್ನು ಹಿಡಿತದಲ್ಲಿಡುವುದಕ್ಕೂ ಈ ಧಾತುವನ್ನು ಬಳಸುತ್ತಿದ್ದರು ಎಂಬುದಕ್ಕೆ ಇಬ್ನ್ ಫಾರಿಸ್ ಜರೀರ್ ಎಂಬ ಕವಿಯ ಮಾತನ್ನು ಸಾಕ್ಷಿಯಾಗಿ ಕೊಡುತ್ತಾರೆ: ಹನೀಫಾ ಕುಲದವರೇ, ನಿಮ್ಮ ತಿಳಿಗೇಡಿಗಳನ್ನು ಬಿಗಿಹಿಡಿಯಿರಿ, ನನಗೆ ಸಿಟ್ಟು ಬಂದೀತೆಂದು ನಿಮ್ಮ ಸಲುವಾಗಿಯೇ ಅಂಜುತ್ತೇನೆ, ಎಂದು ಆ ಕವಿ ಎಚ್ಚರಿಸುತ್ತಾನೆ. ‘ಬಾಯಿಗೆ ಕಡಿವಾಣ ಹಾಕು’ ಎನ್ನುವ ನಮಗೆ ಈ ಬಳಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿವರಣೆಯ ಬಲವನ್ನು ಕಡಿಮೆ ಅಂದಾಜು ಮಾಡಬಾರದು. ಅದು ಧಾತುವಿನ ಇನ್ನೊಂದು ದೊಡ್ಡ ಕವಲನ್ನೂ ಬೆಳಗಿಸುತ್ತದೆ. ‘ಇಹ್ಕಾಮ್’ ಎಂದರೆ ಬಿಗಿಯಾಗಿ, ಲೋಪವಿಲ್ಲದಂತೆ ಮಾಡುವುದು. ಹಾಗೆ ಮಾಡಿದ್ದು ‘ಮುಹ್ಕಮ್’. ಕುರಾನಿನ ಮೂರನೆಯ ಅಧ್ಯಾಯದ ಏಳನೆಯ ವಚನದಲ್ಲಿ ಅರ್ಥ ನಿಶ್ಚಿತವಾಗಿರುವ ವಚನಗಳಿಗೆ ಈ ವಿಶೇಷಣವೇ ಬಂದಿದೆ. ಇದೇ ಕವಲಿನ ‘ಇಸ್ತಿಹ್ಕಾಮ್’ ಎಂಬುದಕ್ಕೆ ಕೋಟೆಯ ಭದ್ರಪಡಿಸುವಿಕೆ ಎಂಬ ಅರ್ಥವಿದೆ. ಬಿಗಿದು ಕಟ್ಟಿದ್ದು ಸಡಿಲವಾಗದಂತೆ ತಡೆಯಲ್ಪಡುತ್ತದೆ, ಕೋಟೆ ಶತ್ರುವನ್ನು ತಡೆಯುತ್ತದೆ ಎಂದು ಹೇಳಿದರೆ ಎಲ್ಲವೂ ಒಂದೇ ಸೂತ್ರದಲ್ಲಿ ಸೇರುತ್ತದೆ. ನ್ಯಾಯದ ಕವಲಂತೂ ಇನ್ನೂ ಸ್ಪಷ್ಟ. ಇಸ್ಲಾಂಗಿಂತ ಮುಂಚಿನ ಅರೇಬಿಯಾದಲ್ಲಿ ರಾಜನೂ ನ್ಯಾಯಾಲಯವೂ ಇಲ್ಲದ ಬುಡಕಟ್ಟುಗಳು ತಮ್ಮ ಜಗಳಗಳನ್ನು ‘ಹಕಮ್’ ಎಂಬ ಪಂಚನ ಮುಂದೆ ಇಡುತ್ತಿದ್ದವು. ಆತನಿಗೆ ಸೈನ್ಯವಿರಲಿಲ್ಲ, ಆತನ ತಿಳಿವಳಿಕೆಯ ಮೇಲಿನ ನಂಬಿಕೆಯೇ ಆತನ ಅಧಿಕಾರವಾಗಿತ್ತು. ಗಂಡ-ಹೆಂಡಿರಲ್ಲಿ ಒಡಕು ಬರುವಂತಿದ್ದರೆ ಎರಡೂ ಕಡೆಯ ಬಂಧುಗಳಿಂದ ಒಬ್ಬೊಬ್ಬ ಹಕಮನನ್ನು ನೇಮಿಸಿ ಎಂದು ಕುರಾನಿನ ನಾಲ್ಕನೆಯ ಅಧ್ಯಾಯ ಹೇಳುವಾಗ ಅದು ಬಳಸುವುದು ಈ ಹಳೆಯ ಪದವನ್ನೇ. 657ರ ಸಿಫ್ಫೀನ್ ಯುದ್ಧದಲ್ಲಿ ನಾಲ್ಕನೆಯ ಖಲೀಫರಾದ ಅಲೀ ಮತ್ತು ಸಿರಿಯಾದ ರಾಜ್ಯಪಾಲರಾಗಿದ್ದ ಮುಆವಿಯಾರ ಪಕ್ಷಗಳು ತಮ್ಮ ವಿವಾದವನ್ನು ಇಬ್ಬರು ಹಕಮರಿಗೆ ಒಪ್ಪಿಸಿದ ಘಟನೆಗೆ ಇತಿಹಾಸದಲ್ಲಿ ‘ತಹ್ಕೀಮ್’ ಎಂದೇ ಹೆಸರು, ಮತ್ತು ಅದನ್ನು ಒಪ್ಪದೆ ಹೊರನಡೆದವರ ಘೋಷಣೆ ‘ಅಲ್ಲಾಹನದಲ್ಲದೆ ಬೇರೆ ಹುಕ್ಮ್ ಇಲ್ಲ’ ಎಂಬುದಾಗಿತ್ತು. ಒಂದೇ ಧಾತುವಿನ ಎರಡು ಪದಗಳು ಎದುರುಬದುರು ನಿಂತ ಆ ಸನ್ನಿವೇಶವನ್ನು ಪಾಠ ಮಾಡುವಾಗಲೆಲ್ಲ ನನಗೆ ಈ ಭಾಷೆಯ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಇಂದಿನ ಅರಬ್ಬಿಯಲ್ಲಿ ಫುಟ್‌ಬಾಲ್ ಆಟದ ತೀರ್ಪುಗಾರನನ್ನು ಕರೆಯುವುದೂ ಹಕಮ್ ಎಂದೇ.

ಹಾಗಾದರೆ ಕಡಿವಾಣವೇ ಮೂಲವೆಂದು ಬರೆದುಬಿಡಬಹುದಲ್ಲ ಎಂದು ನೀವು ಕೇಳಬಹುದು. ಬೇಡ ಎನ್ನುವುದಕ್ಕೆ ಕಾರಣ ಅರಬ್ಬಿಯ ಹೊರಗಿದೆ. ಅರಬ್ಬಿಗೆ ಹೀಬ್ರೂ, ಅರಮಾಯಿಕ್, ಅಕ್ಕಾಡಿಯನ್, ಉಗಾರಿಟಿಕ್ ಮುಂತಾದ ಸೋದರ ಭಾಷೆಗಳಿವೆ, ಅವುಗಳಲ್ಲಿಯೂ ಇದೇ ಮೂರು ವ್ಯಂಜನಗಳ ಧಾತು ಇದೆ. ಆದರೆ ಅಲ್ಲಿ ಅದರ ಅರ್ಥ ತಿಳಿವಳಿಕೆಯ ಸುತ್ತಲೇ ಇದೆ. ಹೀಬ್ರೂವಿನಲ್ಲಿ ಹಾಖಾಮ್ ಎಂದರೆ ಜ್ಞಾನಿ, ಹೊಖ್ಮಾ ಎಂದರೆ ವಿವೇಕ, ಅರಮಾಯಿಕ್‌ನಲ್ಲಿಯೂ ಅದೇ, ಅಕ್ಕಾಡಿಯನ್‌ನಲ್ಲಿ ಈ ಧಾತುವಿನ ಕ್ರಿಯಾಪದಕ್ಕೆ ಅರ್ಥ ಮಾಡಿಕೊ, ತಿಳಿ ಎಂಬ ಅರ್ಥವಿದೆ, ಸಿರಿಯಾದ ರಾಸ್ ಶಮ್ರಾದಲ್ಲಿ ಸಿಕ್ಕಿದ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಉಗಾರಿಟಿಕ್ ಮಣ್ಣಿನ ಫಲಕಗಳಲ್ಲಿ ದೇವತೆಯ ಜ್ಞಾನವನ್ನು ಹೇಳಲು ಈ ಧಾತುವನ್ನು ಬಳಸಿದೆ. ಅರಬ್ಬಿಯ ಹಿಕ್ಮಾ ಎಂಬ ಪದದ ಮೇಲೆಯೇ ಅರಮಾಯಿಕ್‌ನ ಪ್ರಭಾವವಿದೆ ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಸೋದರ ಭಾಷೆಗಳೆಲ್ಲ ‘ತಿಳಿ’ ಎನ್ನುತ್ತಿರುವಾಗ ‘ತಡೆ’ ಎಂಬುದನ್ನೇ ಎಲ್ಲಕ್ಕೂ ತಾಯಿಯೆನ್ನುವುದು ಕಷ್ಟ. ತಿಳಿದವನು ಪಂಚನಾದ, ಪಂಚನ ಮಾತು ತೀರ್ಪಾಯಿತು, ತೀರ್ಪು ಜನರನ್ನು ಹಿಡಿದು ನಿಲ್ಲಿಸಿತು, ಅನಂತರ ಹಿಡಿದು ನಿಲ್ಲಿಸುವ ಕಡಿವಾಣಕ್ಕೂ ಆ ಧಾತು ಸಂದಿತು ಎಂದು ದಾರಿಯನ್ನು ತಿರುಗಿಸಿ ಹೇಳುವುದೂ ಸಾಧ್ಯ. ಅಥವಾ ಕಡಿವಾಣದ ಪದ ಬೇರೆಯಾಗಿಯೇ ಇದ್ದು, ಧ್ವನಿಸಾಮ್ಯದಿಂದ ಇದರೊಡನೆ ಕೂಡಿಕೊಂಡಿರಲೂಬಹುದು. ನನ್ನ ಒಲವು ಇವೆರಡರಲ್ಲಿ ಮೊದಲನೆಯದರ, ಎಂದರೆ ತಿಳಿವಳಿಕೆಯಿಂದ ಕಡಿವಾಣಕ್ಕೆ ಬರುವ ದಾರಿಯ ಕಡೆಗಿದೆ.

ಇಬ್ನ್ ಫಾರಿಸ್ ಮಾಡಿದ್ದನ್ನು ತಪ್ಪೆಂದು ತಳ್ಳಿಹಾಕುವುದೂ ಅನ್ಯಾಯ. ಅವರ ಪ್ರಶ್ನೆ ‘ಇತಿಹಾಸದಲ್ಲಿ ಯಾವುದು ಮೊದಲು ಹುಟ್ಟಿತು’ ಎಂಬುದಾಗಿರಲಿಲ್ಲ. ಅರಬ್ಬಿಯೊಳಗೆ ಇಂದು ಕಾಣುವ ಪದಗಳನ್ನೆಲ್ಲ ಯಾವ ಭಾವ ಒಟ್ಟಿಗೆ ಹಿಡಿದಿಟ್ಟಿದೆ ಎಂಬುದಾಗಿತ್ತು. ಇದು ನಮ್ಮ ನಾಡಿನ ಹಳೆಯ ಚರ್ಚೆಯೇ. ನಾಮಪದಗಳೆಲ್ಲ ಧಾತುಗಳಿಂದಲೇ ಹುಟ್ಟಿವೆ ಎಂದು ಶಾಕಟಾಯನ ಹೇಳಿದರೆ, ಎಲ್ಲವೂ ಹಾಗಲ್ಲ ಎಂದು ಗಾರ್ಗ್ಯ ವಾದಿಸಿದನೆಂದು ವೇದದ ಪದಗಳ ವ್ಯುತ್ಪತ್ತಿಯನ್ನು ಹೇಳುವ ಯಾಸ್ಕನ ನಿರುಕ್ತದಲ್ಲಿ ಬರುತ್ತದೆ. ಕನ್ನಡ ಶಿಕ್ಷಕರಾದ ನಿಮಗೆ ಇನ್ನೂ ಹತ್ತಿರದ ಉದಾಹರಣೆ ಎಂದರೆ ‘ಯಮ್’ ಧಾತು. ಅದಕ್ಕೂ ತಡೆ, ಹಿಡಿ ಎಂಬ ಅರ್ಥವೇ ಇದೆ: ಸಂಯಮ, ನಿಯಮ, ಯಂತ್ರ, ನಿಯಂತ್ರಣ, ಪ್ರಾಣಾಯಾಮ, ಕುದುರೆಗಳನ್ನು ಹಿಡಿಯುವ ಸಾರಥಿಯಾದ ಯಂತೃ. ಇವುಗಳ ಜೊತೆಗೆ, ಎಲ್ಲರನ್ನೂ ನಿಯಂತ್ರಿಸಿ ತೀರ್ಪು ಕೊಡುವವನು ಯಮ ಎಂಬ ವ್ಯುತ್ಪತ್ತಿಯನ್ನು ನಾವೆಲ್ಲ ಕೇಳಿದ್ದೇವೆ. ಅರ್ಥ ಎಷ್ಟು ಚೆನ್ನಾಗಿ ಕೂಡಿಬರುತ್ತದೆ. ಆದರೆ ಆ ದೇವತೆಯ ಹೆಸರಿಗೆ ‘ಅವಳಿ’ ಎಂಬ ಅರ್ಥವಿದೆ, ಆತನ ಅವಳಿ ಸೋದರಿ ಯಮಿ, ಮತ್ತು ಇರಾನಿನ ಅವೆಸ್ತಾದಲ್ಲಿ ಆತನಿಗೆ ಸಮನಾದವನು ಯಿಮ. ನಿಯಂತ್ರಿಸುವವನು ಎಂಬ ವಿವರಣೆ ಪದದ ಹುಟ್ಟನ್ನು ಹೇಳದಿದ್ದರೂ, ಆ ಪದವನ್ನು ಜನ ಹೇಗೆ ಅರ್ಥೈಸಿಕೊಂಡರು ಎಂಬುದನ್ನು ಸತ್ಯವಾಗಿ ಹೇಳುತ್ತದೆ. ಕಡಿವಾಣದ ವಿವರಣೆಯನ್ನೂ ನಾನು ಇದೇ ಸ್ಥಾನದಲ್ಲಿಟ್ಟು ನೋಡುತ್ತೇನೆ.

ಧಾತುವಿಗೆ ಒಂದೇ ಅರ್ಥವಿರಲೇಬೇಕು ಎಂಬ ಹಟ ಹಳೆಯ ಅರಬ್ಬೀ ವಿದ್ವಾಂಸರಿಗಿರಲಿಲ್ಲ ಎಂಬುದನ್ನೂ ಹೇಳಬೇಕು. ನಿಮ್ಮ ಊರಿಗೆ ನೇರವಾಗಿ ಸಂಬಂಧಿಸಿದ ಉದಾಹರಣೆಯೇ ಇದೆ. 15ನೇ ಶತಮಾನದ ಕೊನೆಯಿಂದ 1686ರವರೆಗೆ ವಿಜಯಪುರವನ್ನು ಆಳಿದ ಆದಿಲಶಾಹಿಗಳ ಹೆಸರಿನಲ್ಲಿರುವ ‘ಆದಿಲ್’ ಎಂದರೆ ನ್ಯಾಯವಂತ; ಹಾಜರು, ವಾರಸು ಇವುಗಳ ಅಚ್ಚೇ ಅದು, ಮತ್ತು ಲೋಕ ಅದಾಲತ್ತಿನ ಅದಾಲತ್ತೂ ಅದೇ ಧಾತುವಿನದು. ಆ ಧಾತುವಿನ ಬಗ್ಗೆ ಇಬ್ನ್ ಫಾರಿಸ್ ಅವರ ನಿರ್ಣಯವೇನೆಂದರೆ, ಅದಕ್ಕೆ ಎರಡು ಮೂಲಭಾವಗಳಿವೆ, ಅವು ಬಹುತೇಕ ಒಂದಕ್ಕೊಂದು ವಿರುದ್ಧವಾಗಿವೆ: ಒಂದು ನೇರವಾಗಿರುವುದು, ಇನ್ನೊಂದು ಓರೆಯಾಗುವುದು. ಎರಡನ್ನೂ ಬಲವಂತವಾಗಿ ಒಂದು ಮಾಡಲು ಅವರು ಹೋಗಲಿಲ್ಲ. ಅವರ ಸಮಕಾಲೀನರಾದ ಇಬ್ನ್ ಜಿನ್ನೀ ಒಂದು ಹೆಜ್ಜೆ ಮುಂದೆ ಹೋಗಿ, ಮೂರು ವ್ಯಂಜನಗಳನ್ನು ಹಿಂದುಮುಂದು ಮಾಡಿದರೂ ಒಂದು ಸಾಮಾನ್ಯ ಭಾವ ಉಳಿಯುತ್ತದೆಂದು ತೋರಿಸಲು ಯತ್ನಿಸಿದರು, ಆದರೆ ಇದು ಇಡೀ ಭಾಷೆಗೆ ಅನ್ವಯಿಸುತ್ತದೆಂದು ತಾನು ಹೇಳುತ್ತಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಮೊಬೈಲಿನಲ್ಲಿ ಓಡಾಡುವ ಸಂದೇಶಗಳಲ್ಲಿ ಆ ಎಚ್ಚರಿಕೆ ಕಳೆದುಹೋಗಿರುತ್ತದೆ.

ಈಗ ವೈದ್ಯ ಮತ್ತು ತಂತ್ರಗಾರಿಕೆಯ ಪ್ರಶ್ನೆಗೆ ಬರೋಣ. ಇವುಗಳ ಉತ್ತರ ಧಾತುವಿನಲ್ಲಿ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ. ವೈದ್ಯನಿಗೆ ಅರಬ್ಬಿಯಲ್ಲಿ ‘ತಬೀಬ್’ ಎಂಬ ಬೇರೆಯೇ ಪದವಿದೆ. ಗ್ರೀಕ್ ಗ್ರಂಥಗಳು ಬಾಗ್ದಾದಿನಲ್ಲಿ ಅರಬ್ಬಿಗೆ ಅನುವಾದವಾದ ಕಾಲದಿಂದ ತತ್ತ್ವಶಾಸ್ತ್ರಕ್ಕೆ ಹಿಕ್ಮಾ ಎಂಬ ಹೆಸರೂ ಬಳಕೆಗೆ ಬಂತು. ಆ ವಿದ್ಯೆಯನ್ನು ಬಲ್ಲವನು ಹಕೀಮ್, ಮತ್ತು ಅಂಥವರಲ್ಲಿ ಅನೇಕರು, ಇಬ್ನ್ ಸೀನಾ ಅವರಂತೆ, ಜೀವನೋಪಾಯಕ್ಕಾಗಿ ವೈದ್ಯವೃತ್ತಿಯನ್ನು ಮಾಡುತ್ತಿದ್ದರು. ಹೀಗೆ ಜ್ಞಾನಿಯ ಬಿರುದು ವೈದ್ಯನ ಹೆಸರಾಯಿತು. ಆದರೆ ಪಾರಸಿ ಜಗತ್ತಿನಲ್ಲಿ ಗಣಿತಜ್ಞರೂ ಕವಿಗಳೂ ಆದ ಉಮರ್ ಖಯ್ಯಾಮರನ್ನು ಕೂಡ ಹಕೀಮ್ ಎಂದೇ ಕರೆದರು, ಅವರನ್ನು ಔಷಧ ಕೊಡುವವರೆಂದು ತಿಳಿದುಕೊಂಡರೆ ತಪ್ಪಾಗುತ್ತದೆ. ಭಾರತದಲ್ಲಿ ಯೂನಾನಿ ಪದ್ಧತಿಯ ವೈದ್ಯರಿಗೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. 1927ರಲ್ಲಿ ತೀರಿಕೊಂಡ ಹಕೀಂ ಅಜ್ಮಲ್ ಖಾನರನ್ನು ನಾವು ಆ ಬಿರುದಿಲ್ಲದೆ ನೆನೆಯುವುದೇ ಇಲ್ಲ. ತುರ್ಕಿ ಭಾಷೆ ಇದೇ ಎರಡು ಪದಗಳನ್ನು ಎರಡು ವೃತ್ತಿಗಳಿಗೆ ಹಂಚಿಕೊಟ್ಟಿತು: ಅಲ್ಲಿ ಹಾಕಿಮ್ ಎಂದರೆ ನ್ಯಾಯಾಧೀಶ, ಹೆಕಿಮ್ ಎಂದರೆ ವೈದ್ಯ. ಇಂಡೊನೇಷ್ಯಾದಲ್ಲಿ ಹಕಿಮ್ ಎಂದರೆ ನ್ಯಾಯಾಧೀಶ, ಹುಕುಮ್ ಎಂದರೆ ಕಾನೂನು. ಒಂದು ದೀರ್ಘಾಕ್ಷರ ಸ್ಥಾನ ಬದಲಿಸಿದರೆ ಅಧಿಕಾರಿ ವೈದ್ಯನಾಗುತ್ತಾನೆ ಎಂಬುದನ್ನು ಹಳೆಯ ಕಾಗದಪತ್ರಗಳನ್ನು ಕನ್ನಡಕ್ಕೆ ಲಿಪ್ಯಂತರ ಮಾಡುವವರು ಮರೆಯಬಾರದು. ಊರಿನ ಹಾಕಿಮನಿಗೆ ಬರೆದ ಅರ್ಜಿಯನ್ನು ಹಕೀಮನಿಗೆ ಬರೆದದ್ದೆಂದು ಓದಿ, ಆ ಊರಿನಲ್ಲಿ ದವಾಖಾನೆ ಇತ್ತೆಂದು ತೀರ್ಮಾನಿಸಿದ ವಿದ್ಯಾರ್ಥಿಯ ಪ್ರಬಂಧವನ್ನು ನಾನೇ ತಿದ್ದಿದ್ದೇನೆ.

ಹಿಕ್ಮತ್ತಿನ ಕಥೆ ಅರ್ಥ ಕೆಳಗಿಳಿದ ಕಥೆ. ಕುರಾನಿನಲ್ಲಿ ಲುಕ್ಮಾನನಿಗೆ ದೇವರು ಕೊಟ್ಟ ವಿವೇಕ ಹಿಕ್ಮಾ. ಅದು ಪಾರಸಿ ಮತ್ತು ಉರ್ದುವಿಗೆ ಬಂದು ವಿವೇಕ, ವೈದ್ಯವಿದ್ಯೆ, ಉಪಾಯ ಎಂಬ ಅರ್ಥಗಳನ್ನು ಪಡೆಯಿತು. ದಖ್ಖನಿ ಮತ್ತು ಮರಾಠಿಯ ನೆರೆಯಲ್ಲಿದ್ದ ಕನ್ನಡಕ್ಕೆ ಬರುವ ಹೊತ್ತಿಗೆ ಉಪಾಯವೇ ಮುಂದೆ ನಿಂತು, ಜಾಣ್ಮೆಯ ಕೆಲಸ, ಕೊನೆಗೆ ಹೂಟ ಎಂಬಲ್ಲಿಗೆ ತಲುಪಿತು. ಮಸಲತ್ತಿಗೂ ಹೀಗೆಯೇ ಆಗಿದೆ: ಅರಬ್ಬಿಯಲ್ಲಿ ಅದು ಹಿತ, ಕನ್ನಡದಲ್ಲಿ ಒಳಸಂಚು. ಇದರಲ್ಲಿ ಕನ್ನಡದ ಅಪರಾಧವೇನಿಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ‘ಸಾಹಸ’ವೆಂದರೆ ಬಲಾತ್ಕಾರದಿಂದ ಎಸಗುವ ಅಪರಾಧ, ಇಂದು ಮುಳುಗುತ್ತಿದ್ದವರನ್ನು ಉಳಿಸಿದ ಮಕ್ಕಳನ್ನು ಅದೇ ಪದದಿಂದ ಹೊಗಳುತ್ತೇವೆ. ಹಾಗೆಂದು ಮಕ್ಕಳನ್ನು ಯಾರೂ ಅಪರಾಧಿಗಳೆನ್ನುವುದಿಲ್ಲ. ಪದದ ಈಗಿನ ಅರ್ಥವನ್ನು ಈಗಿನ ಬಳಕೆ ನಿರ್ಣಯಿಸುತ್ತದೆ, ಧಾತು ನಿರ್ಣಯಿಸುವುದಿಲ್ಲ. ‘ನಿಜವಾದ ಅರ್ಥ’ ಎಂಬ ಮಾತಿಗೆ ನಾನು ಮೊದಲಲ್ಲಿ ಆಕ್ಷೇಪಿಸಿದ್ದು ಇದಕ್ಕಾಗಿಯೇ. ಅರಬ್ಬಿಯಲ್ಲಿಯೂ ಈ ಧಾತು ಹಳೆಯ ಅರ್ಥದ ಕಾವಲಿನಲ್ಲಿ ಕುಳಿತಿಲ್ಲ. ಉತ್ತಮ ಆಡಳಿತ ವ್ಯವಸ್ಥೆ ಎಂಬ ಆಧುನಿಕ ಕಲ್ಪನೆಗೆ ಅವರು ಇದೇ ಮೂರು ಅಕ್ಷರಗಳಿಂದ ‘ಹೌಕಮಾ’ ಎಂಬ ಹೊಸ ಪದವನ್ನು ಎರೆದುಕೊಂಡಿದ್ದಾರೆ.

ನಿಮ್ಮ ಲೇಖನಕ್ಕೆ ಸಂಬಂಧಿಸಿ ಹೇಳುವುದಾದರೆ, ನಿಮ್ಮ ಮುಂದೆ ಮೂರು ದಾರಿಗಳಿವೆ. ಕಡಿವಾಣದ ವಿವರಣೆಯನ್ನು ಪೂರ್ತಿಯಾಗಿ ಬಿಟ್ಟು, ಹುಕುಂ, ಹಕೀಮ, ಹಿಕ್ಮತ್ತು ಒಂದೇ ಧಾತುವಿನವು ಎಂದಷ್ಟೇ ಬರೆಯಬಹುದು. ಇದರಲ್ಲಿ ತಪ್ಪಾಗುವ ಭಯವಿಲ್ಲ, ಆದರೆ ಓದುಗರು ತಾವೇ ಸಂಬಂಧವನ್ನು ಊಹಿಸಿಕೊಂಡು ಮತ್ತೆ ಆ ಮೊಬೈಲಿನ ಸಂದೇಶಕ್ಕೇ ಹೋಗುವ ಸಾಧ್ಯತೆಯಿದೆ. ಕಡಿವಾಣವೇ ಮೂಲವೆಂದು ಬರೆದರೆ ಲೇಖನ ಕಳೆಗಟ್ಟುತ್ತದೆ, ಆದರೆ ಹೀಬ್ರೂ ಅಥವಾ ಅರಮಾಯಿಕ್ ಬಲ್ಲ ಒಬ್ಬ ಓದುಗರು ಅದನ್ನು ಒಂದೇ ಸಾಲಿನಲ್ಲಿ ಪ್ರಶ್ನಿಸಬಲ್ಲರು. ನಾನಾಗಿದ್ದರೆ ಮೂರನೆಯ ದಾರಿಯನ್ನು ಹಿಡಿಯುತ್ತಿದ್ದೆ: ತಡೆಯುವುದೇ ಈ ಧಾತುವಿನ ಮೂಲಭಾವವೆಂದು ಇಬ್ನ್ ಫಾರಿಸ್ ವಿವರಿಸಿದ್ದಾರೆ, ಸೋದರ ಭಾಷೆಗಳಲ್ಲಿ ಮಾತ್ರ ತಿಳಿವಳಿಕೆಯ ಅರ್ಥವೇ ಕಾಣುತ್ತದೆ ಎಂದು ಎರಡನ್ನೂ ಹೆಸರು ಹೇಳಿ ಇಡುತ್ತಿದ್ದೆ. ಇದರ ತೊಂದರೆಯೆಂದರೆ ಎರಡು ಪ್ಯಾರಾ ಹೆಚ್ಚಾಗುತ್ತದೆ ಮತ್ತು ಓದುಗರಿಗೆ ಒಂದೇ ಖಚಿತ ಉತ್ತರ ಸಿಗುವುದಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಹೇಳುವುದಾದರೆ ಹುಕುಂ-ಜುಲುಂ ಜೋಡಿಯನ್ನೂ ಅಚ್ಚುಗಳನ್ನೂ ಮಾತ್ರ ತೋರಿಸಿ. ವಕೀಲ, ಅಮೀನ, ಹಕೀಮ ಒಂದೇ ತಾಳದಲ್ಲಿ ನಡೆಯುವುದನ್ನು ಅವರು ತಕ್ಷಣ ಗುರುತಿಸುತ್ತಾರೆ.

ನಿಘಂಟುಗಳಲ್ಲಿ ಯಾವುದೊಂದನ್ನೂ ಏಕಮಾತ್ರ ಆಧಾರವಾಗಿ ಹಿಡಿಯಬೇಡಿ, ಏಕೆಂದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತವೆ. ಮಧ್ಯಯುಗದ ಅರಬ್ಬೀ ನಿಘಂಟುಗಳು ಒಂದು ಧಾತುವಿನ ಕೆಳಗೆ ಶತಮಾನಗಳ ಬಳಕೆಯನ್ನು, ಕಾಲದ ಗುರುತಿಲ್ಲದೆ, ಒಟ್ಟಿಗೆ ಕೊಡುತ್ತವೆ. ಅಲ್ಲಿ ಒಂದು ಅರ್ಥವಿದೆ ಎಂದ ಮಾತ್ರಕ್ಕೆ ಅದು ಕನ್ನಡಕ್ಕೆ ಬಂದ ಪದದಲ್ಲಿಯೂ ಇತ್ತೆಂದು ಹೇಳಲಾಗದು. ಇಂದಿನ ಅರಬ್ಬಿಯ ನಿಘಂಟುಗಳಲ್ಲಿ ಹಳೆಯ ಅರ್ಥಗಳೆಲ್ಲವೂ ಸಿಗುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ಕನ್ನಡ ನಿಘಂಟು ಇಂಥ ಪದಗಳಿಗೆ ಹಿಂದೂಸ್ತಾನಿ ಎಂಬ ಗುರುತು ಹಾಕುತ್ತದೆ. ಅದು ತಪ್ಪಲ್ಲ, ಕನ್ನಡಕ್ಕೆ ಪದವನ್ನು ಕೊಟ್ಟ ಕೊನೆಯ ಬಾಗಿಲನ್ನು ಅದು ಹೇಳುತ್ತಿದೆ. ಹಿಕ್ಮಾ ಎಂಬುದು ಹಿಕ್ಮತ್ತಾದ ಬಗೆ ಅರ್ಥವಾಗಬೇಕಾದರೆ ನಡುವಿನ ಪಾರಸಿ ಮತ್ತು ಉರ್ದು ನಿಘಂಟುಗಳನ್ನು ನೋಡಲೇಬೇಕು. ಕನ್ನಡ ಪ್ರಯೋಗವನ್ನು ಕನ್ನಡ ನಿಘಂಟಿನಲ್ಲಿ ನೋಡಿ, ಅಲ್ಲಿಂದ ಉರ್ದುವಿಗೆ, ಅಲ್ಲಿಂದ ಅರಬ್ಬೀ ಧಾತುವಿಗೆ ಹೋಗಿ. ಅರಬ್ಬೀ ಧಾತುವಿನಿಂದ ಹೊರಟು ಕನ್ನಡಕ್ಕೆ ಇಳಿಯುವವರೇ ಹೆಚ್ಚು ಎಡವುತ್ತಾರೆ.

ಕೊನೆಯದಾಗಿ ಬಗರ್ ಹುಕುಂ. ‘ಬಗೈರ್’ ಎಂದರೆ ಇಲ್ಲದೆ. ಅದರಲ್ಲಿ ಅರಬ್ಬಿಯ ‘ಗೈರ್’ ಎಂಬುದಕ್ಕೆ ಪಾರಸಿಯ ‘ಬ’ ಎಂಬ ಉಪಸರ್ಗ ಸೇರಿದೆ, ಗೈರುಹಾಜರಿಯ ಗೈರು ಅದೇ. ಆಜ್ಞೆಯಿಲ್ಲದೆ, ಎಂದರೆ ಸರ್ಕಾರದ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನನ್ನು ಉಳುಮೆ ಮಾಡುವುದು ಬಗರ್ ಹುಕುಂ ಸಾಗುವಳಿ. ಟೀಪು ಸುಲ್ತಾನನ ಕಾಲದ ಪಾರಸಿ ಹುಕುಂನಾಮೆಗಳಿಂದ ಹಿಡಿದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಅಡಿಯಲ್ಲಿ ಸಕ್ರಮಕ್ಕಾಗಿ ರೈತರು ಸಲ್ಲಿಸಿದ ನಮೂನೆ 50, 53 ಮತ್ತು 57ರ ಅರ್ಜಿಗಳವರೆಗೆ ಹುಕುಂ ಎಂಬ ಪದ ಈ ನಾಡಿನ ಆಡಳಿತದಲ್ಲಿ ಬಾಳಿಕೊಂಡು ಬಂದಿದೆ. ಅದನ್ನು ‘ಬಗೈರ್ ಹುಕ್ಮ್’ ಎಂದು ತಿದ್ದಿದರೆ ಅರಬ್ಬಿಗೆ ಲಾಭವಿಲ್ಲ, ತಹಸೀಲ್ದಾರರ ಕಚೇರಿಯಲ್ಲಿ ಸರತಿಯಲ್ಲಿ ನಿಂತ ರೈತನಿಗೆ ಮಾತ್ರ ಅದು ಅಪರಿಚಿತವಾಗುತ್ತದೆ. ಬಗರ್ ಹುಕುಂ ಎಂದೇ ಬರೆಯಿರಿ. ಹಿಕ್ಮತ್ತು ಮತ್ತು ಹಿಕಮತ್ತು ಎರಡೂ ಬಳಕೆಯಲ್ಲಿರುವುದರಿಂದ ನಿಮ್ಮ ಊರಿನ ಬಾಯಲ್ಲಿರುವುದನ್ನೇ ಉಳಿಸಿಕೊಳ್ಳಿ.